"ಕಾಯಿಲೆ ಇತ್ತು ಅಂದರೆ ಕೋರ್ಟು ಬಿಡುತ್ತದಾ?": ಒಬ್ಬ ಸೈನಿಕನ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆಯವಳು, ರಿಟೈರ್ ಆದ ಪ್ರಾಥಮಿಕ ಶಾಲೆ ಟೀಚರ್. ಮಗ ಹನ್ನೊಂದು ವರ್ಷದಿಂದ ಸೈನ್ಯದಲ್ಲಿದ್ದಾನೆ, ಈಗ ನಾಯಕ್. ಎರಡು ಸಲ ಕಾಶ್ಮೀರದ ಕಡೆ ಇದ್ದು ಬಂದಿದ್ದಾನೆ. ಈ ಸಲ ರಜೆಗೆ ಬಂದವನು ನಿದ್ದೆಯನ್ನೇ ಮಾಡುತ್ತಿಲ್ಲ. ಮಂಚ ಎಳೆದು ಬಾಗಿಲಿಗೆ ಎದುರಾಗಿ ಹಾಕಿಕೊಂಡಿದ್ದಾನೆ. ಜಾತ್ರೆಗೆ ಹೋದವನು ತೇರು ಎಳೆಯುವ ಮೊದಲೇ ವಾಪಸ್ ಬಂದ. ಮೊನ್ನೆ ಅವನ ಮೇಲಿನ ಹವಾಲ್ದಾರನ ಮಾತು ಬಂದಾಗ, "ಒಂದಿನ ಎಲ್ಲಾರ್ನೂ ಮುಗಿಸಿ ನಾನೂ ಹೋಗಿಬಿಡ್ತೀನಿ" ಅಂದ. ಸಿಯಾಟಲ್‌ನಲ್ಲಿರುವ ನನ್ನ ತಂಗಿಯ ಮಗನ ಹತ್ತಿರ ಫೋನಿನಲ್ಲಿ ಇದನ್ನು ಹೇಳಿಕೊಂಡೆ. ಅವನು ತಮ್ಮೂರ ಹತ್ತಿರದ ಮಿಲಿಟರಿ ಕ್ಯಾಂಪಿನ ಸಾರ್ಜೆಂಟ್ ಒಬ್ಬ ಅಫ್ಘಾನಿಸ್ತಾನದಲ್ಲಿ ಹದಿನಾರು ಜನರನ್ನು ಕೊಂದ ಕಥೆ ಹೇಳಿಬಿಟ್ಟ. ಅವತ್ತಿನಿಂದ ನನಗೂ ನಿದ್ದೆ ಇಲ್ಲ. ಆ ಮನುಷ್ಯನಿಗೂ ಮನಸ್ಸಿನ ಕಾಯಿಲೆ ಇತ್ತಂತೆ, ಅದಕ್ಕೇ ಗಲ್ಲು ತಪ್ಪಿತಂತೆ. ಇದು ನಿಜವೇ? ನಮ್ಮಲ್ಲಿ ಹಾಗಾದರೆ ಯಾರು ವಿಚಾರಣೆ ಮಾಡುತ್ತಾರೆ? ಮಗನ ಆಫೀಸರಿಗೆ ತಿಳಿಸಿದರೆ ಅವನ ನೌಕರಿ ಹೋಗುತ್ತದಾ? ಹೆಸರು ಹಾಕಬೇಡಿ.

ಉತ್ತರ:

ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಕಾನೂನಿನ ಪ್ರಶ್ನೆಗಳನ್ನೇ, ಆದರೆ ನಿಮ್ಮ ಹೊಟ್ಟೆಯಲ್ಲಿರುವ ಸಂಕಟ ಬೇರೆ. "ನನ್ನ ಮಗನೂ ಹಾಗೆ ಮಾಡಿಬಿಡುತ್ತಾನಾ?" ಅಂತ ನೇರವಾಗಿ ಕೇಳಲು ನಿಮಗೆ ಬಾಯಿ ಬಂದಿಲ್ಲ. ನಾನು ಸೈನ್ಯದ ಕಾನೂನು ವಿಭಾಗದಲ್ಲಿದ್ದವನು, ಈಗ ವಕೀಲ. ಡಾಕ್ಟರ್ ಅಲ್ಲ. ಆದರೂ ಕೋರ್ಟ್ ಮಾರ್ಷಲ್, ಅಂದರೆ ಸೈನ್ಯದ ಒಳಗಿನ ಕೋರ್ಟಿನ ಫೈಲುಗಳನ್ನು ಓದಿ ಓದಿ ಒಂದು ವಿಷಯ ಗೊತ್ತಾಗಿದೆ. ಹೆಚ್ಚಿನ ಫೈಲುಗಳಲ್ಲಿ, ಮೊದಲ ಗುಂಡು ಹಾರುವುದಕ್ಕೆ ಎಷ್ಟೋ ವಾರ ಮುಂಚೆ ಯಾರೋ ಒಬ್ಬರ ಕಿವಿಗೆ ಒಂದು ಮಾತು ಬಿದ್ದಿರುತ್ತದೆ. ನಿಮ್ಮ ಕಿವಿಗೆ ಬಿದ್ದಂಥದ್ದೇ ಮಾತು. ಆ ಮಾತು ಕೇಳಿಸಿಕೊಂಡ ಎಲ್ಲ ಮನೆಗಳಲ್ಲೂ ಅನಾಹುತ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಬಹುಪಾಲು ಮನೆಗಳಲ್ಲಿ ಏನೂ ಆಗುವುದಿಲ್ಲ. ಆದರೆ ಕೇಳಿಸಿಕೊಂಡವರು ಸುಮ್ನೆ ಕೂರಬಾರದು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅಷ್ಟು ಹೊತ್ತು ಕಾಯಲು ಆಗದಿದ್ದರೆ ನೇರ ಕೊನೆಯ ಭಾಗಕ್ಕೇ ಹೋಗಿ, ನನಗೆ ಬೇಸರವಿಲ್ಲ.

ನಿಮ್ಮ ತಂಗಿಯ ಮಗ ಹೇಳಿದ ಕಥೆ ನಿಜ. ಆದರೆ ಅರ್ಧ ಮಾತ್ರ.

ಆ ಸೈನಿಕನ ಹೆಸರು ರಾಬರ್ಟ್ ಬೇಲ್ಸ್. ಅಮೆರಿಕದ ಸೈನ್ಯದಲ್ಲಿ ಸ್ಟಾಫ್ ಸಾರ್ಜೆಂಟ್, ಅಂದರೆ ನಮ್ಮ ಹವಾಲ್ದಾರನ ಹತ್ತಿರದ ರ‍್ಯಾಂಕು. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಸೇರಿದವನು. ಇರಾಕಿಗೆ ಮೂರು ಸಲ ಹೋಗಿ ಬಂದು, ನಾಲ್ಕನೇ ಸಲಕ್ಕೆ ಅಫ್ಘಾನಿಸ್ತಾನ. ಅಲ್ಲಿ ಕಂದಹಾರ್ ಪ್ರಾಂತ್ಯದ ಪಂಜ್ವಾಯಿ ಜಿಲ್ಲೆಯ ಬೆಲಂಬೈ ಎಂಬ ಸಣ್ಣ ಠಾಣೆಯಲ್ಲಿದ್ದ. 2012ರ ಮಾರ್ಚ್ 11ರ ರಾತ್ರಿ, ಬೆಳಕು ಹರಿಯುವ ಮುಂಚೆ, ರೈಫಲ್ ಮತ್ತು ಪಿಸ್ತೂಲು ಹಿಡಿದು ಒಬ್ಬನೇ ಠಾಣೆಯಿಂದ ಹೊರಬಿದ್ದ. ಮೊದಲು ಉತ್ತರಕ್ಕಿದ್ದ ಆಲ್ಕೋಜೈ ಹಳ್ಳಿಗೆ ಹೋದ. ಅಲ್ಲಿ ನಾಲ್ವರನ್ನು ಕೊಂದ. ಆಮೇಲೆ ಠಾಣೆಗೆ ವಾಪಸ್ ಬಂದ.

ಇಲ್ಲಿ ಸ್ವಲ್ಪ ನಿಲ್ಲಿ. ಕೇಸಿನ ಜೀವ ಇರುವುದು ಈ "ವಾಪಸ್ ಬಂದ" ಎಂಬ ಎರಡು ಪದದಲ್ಲಿ. ಬಂದವನು ಮಲಗಿದ್ದ ಜೊತೆಗಾರನನ್ನು ಎಬ್ಬಿಸಿ, ಹಳ್ಳಿಗೆ ಹೋಗಿ ಜನರಿಗೆ ಗುಂಡು ಹೊಡೆದು ಬಂದೆ, ಇನ್ನೊಂದು ಹಳ್ಳಿಗೆ ಹೊರಟಿದ್ದೇನೆ ಎಂದ. ಜೊತೆಗಾರ ನಂಬಲಿಲ್ಲ. ಏನೋ ಬಡಬಡಿಸುತ್ತಿದ್ದಾನೆ ಅಂದುಕೊಂಡು ಮಗ್ಗುಲು ಬದಲಿಸಿ ಮಲಗಿಬಿಟ್ಟ. ಬೇಲ್ಸ್ ಮತ್ತೆ ಹೊರಟ. ಈ ಸಲ ದಕ್ಷಿಣದ ನಜೀಬಾನ್‌ಗೆ. ಅಲ್ಲಿ ಹನ್ನೆರಡು ಜನ ಸತ್ತರು, ಅದರಲ್ಲಿ ಹನ್ನೊಂದು ಜನ ಒಂದೇ ಮನೆಯವರು. ಕೆಲವು ಹೆಣಗಳಿಗೆ ಬೆಂಕಿ ಇಟ್ಟ. ಒಟ್ಟು 16 ಸಾವು, 6 ಜನಕ್ಕೆ ಗಾಯ. ಸತ್ತವರಲ್ಲಿ 9 ಮಂದಿ ಮಕ್ಕಳು. ಠಾಣೆಯ ಮೇಲೆ ಕಟ್ಟಿದ್ದ ಬಲೂನಿನ ಕ್ಯಾಮೆರಾದಲ್ಲಿ, ಹೆಗಲಿಗೆ ಬಟ್ಟೆ ಹೊದ್ದು ಕತ್ತಲಲ್ಲಿ ನಡೆದು ಬರುತ್ತಿರುವ ಅವನ ಆಕಾರ ಸಿಕ್ಕಿತು. ಗೇಟಿನಲ್ಲೇ ಹಿಡಿದರು. ಆ ವಿಡಿಯೋ ಆಮೇಲೆ ಕೋರ್ಟಿನಲ್ಲೂ ಓಡಿತು.

ಈಗ ಕೇಳಿದ್ದಕ್ಕೆ ಬರುತ್ತೇನೆ. "ಕಾಯಿಲೆ ಇತ್ತು, ಅದಕ್ಕೇ ಗಲ್ಲು ತಪ್ಪಿತು" ಅನ್ನುವುದು ತಪ್ಪು. 2012ರ ಡಿಸೆಂಬರಿನಲ್ಲಿ ಅವನ ಮೇಲಿನ ಕೇಸನ್ನು ಮರಣದಂಡನೆ ಕೊಡಬಹುದಾದ ಕೇಸು ಎಂದೇ ಸೈನ್ಯ ಕೋರ್ಟ್ ಮಾರ್ಷಲ್‌ಗೆ ಕಳಿಸಿತು. ಅವನ ವಕೀಲರು ಮೊದಮೊದಲು ಪಿಟಿಎಸ್‌ಡಿ ಮಾತು ಆಡಿದರು, ತಲೆಗೆ ಬಿದ್ದ ಪೆಟ್ಟಿನ ಮಾತೂ ಆಡಿದರು. ಪಿಟಿಎಸ್‌ಡಿ ಅಂದರೆ ಭಯಾನಕ ಘಟನೆ ಕಂಡವರಿಗೆ ಆಮೇಲೆ ಕಾಡುವ ಮಾನಸಿಕ ಕಾಯಿಲೆ. ಟಿವಿಯಲ್ಲೆಲ್ಲ ಅದೇ ಸುದ್ದಿಯಾಯಿತು. ಕೋರ್ಟಿನೊಳಗೆ ನಡೆದದ್ದು ಬೇರೆ. 2013ರ ಜೂನ್ 5ರಂದು ಅವನು ತಪ್ಪೊಪ್ಪಿಕೊಂಡ. ಒಪ್ಪಿಕೊಂಡರೆ ಗಲ್ಲು ಕೇಳುವುದಿಲ್ಲ ಎಂದು ಪ್ರಾಸಿಕ್ಯೂಷನ್ ಜೊತೆ ಕರಾರಾಗಿತ್ತು. ಗಲ್ಲು ತಪ್ಪಿದ್ದು ಆ ಕರಾರಿನಿಂದ. ಕಾಯಿಲೆಯಿಂದ ಅಲ್ಲ.

ಒಪ್ಪಿಕೊಳ್ಳುವುದು ಅಂದರೆ "ಹೌದು ಸ್ವಾಮಿ" ಎಂದು ತಲೆ ಆಡಿಸುವುದು ಅಂದುಕೊಳ್ಳಬೇಡಿ. ಅಮೆರಿಕದ ಮಿಲಿಟರಿ ಕೋರ್ಟಿನಲ್ಲಿ ನ್ಯಾಯಾಧೀಶರು ಒಂದೊಂದು ಸಾವಿನ ಬಗ್ಗೆಯೂ ಬಿಡಿಬಿಡಿಯಾಗಿ ಕೇಳುತ್ತಾರೆ. ಬಂದೂಕು ಎತ್ತಿದ್ದು ನೀನೇನಾ? ಕೊಲ್ಲಬೇಕೆಂದೇ ಎತ್ತಿದೆಯಾ? ಅದಕ್ಕೆ ಕಾನೂನಿನ ಸಮರ್ಥನೆ ಏನಾದರೂ ಇತ್ತಾ? ಆರೋಪಿ ತನ್ನ ಬಾಯಿಂದಲೇ ಉತ್ತರ ಕೊಡಬೇಕು. ಯಾಕೆ ಮಾಡಿದೆ ಎಂದು ಕೇಳಿದಾಗ, ಆ ಪ್ರಶ್ನೆಯನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಅದಕ್ಕೆ ಒಳ್ಳೆಯ ಕಾರಣ ಅನ್ನುವುದೇ ಇಲ್ಲ ಎಂಬ ಅರ್ಥದ ಮಾತು ಬೇಲ್ಸ್ ಬಾಯಿಂದ ಬಂತು.

ಉಳಿದದ್ದು ಒಂದೇ ಪ್ರಶ್ನೆ. ಜೀವಾವಧಿಯಂತೂ ಖಚಿತ, ಆದರೆ ಮುಂದೊಂದು ದಿನ ಪೆರೋಲ್, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆ, ಕೇಳುವ ಬಾಗಿಲು ತೆರೆದಿರಬೇಕಾ, ಮುಚ್ಚಬೇಕಾ? ಇದನ್ನು ತೀರ್ಮಾನಿಸಲು 2013ರ ಆಗಸ್ಟಿನಲ್ಲಿ ವಾಷಿಂಗ್ಟನ್ ರಾಜ್ಯದ ಲೂಯಿಸ್-ಮೆಕ್‌ಕಾರ್ಡ್ ನೆಲೆಯಲ್ಲಿ ಆರು ಜನ ಸೈನಿಕರ ಮಂಡಳಿ ಕೂತಿತು. ನಿಮ್ಮ ತಂಗಿಯ ಮಗ ಹೇಳಿದ ಕ್ಯಾಂಪು ಅದೇ, ಸಿಯಾಟಲ್‌ನಿಂದ ದಕ್ಷಿಣಕ್ಕಿದೆ. ಅಫ್ಘಾನಿಸ್ತಾನದಿಂದ ಒಂಬತ್ತು ಜನ ಹಳ್ಳಿಗರನ್ನು ವಿಮಾನದಲ್ಲಿ ಅಲ್ಲಿಗೆ ಕರೆಸಿದ್ದರು. ಕುತ್ತಿಗೆಗೆ ಗುಂಡು ತಿಂದು ಬದುಕಿದ್ದ ಒಬ್ಬ ರೈತ ಕಟಕಟೆಯಲ್ಲಿ ನಿಂತು ಬೇಲ್ಸ್‌ಗೆ ಶಾಪ ಹಾಕಿದ. ಹೇಳುತ್ತಾ ಹೇಳುತ್ತಾ ದುಃಖ ಒತ್ತರಿಸಿ ಬಂತು. ಇನ್ನು ಏನೂ ಕೇಳಬೇಡಿ ಎಂದು ಸರ್ಕಾರಿ ವಕೀಲರನ್ನೇ ಬೇಡಿಕೊಂಡ. ಆರೋಪಿಯ ಕಡೆಯ ವಕೀಲರು ಅವನ ಒಳ್ಳೆಯತನಕ್ಕೆ ಸಾಕ್ಷಿ ತಂದರು. ಆದರೆ ಕೃತ್ಯಕ್ಕೆ ಪಿಟಿಎಸ್‌ಡಿಯೇ ಕಾರಣ ಎಂದು ಹೇಳುವ ವೈದ್ಯರನ್ನು ಕಟಕಟೆಗೆ ಹತ್ತಿಸಲಿಲ್ಲ.

ಯಾಕೆ ಹತ್ತಿಸಲಿಲ್ಲ ಅಂತ ವಕೀಲನಾಗಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ವೈದ್ಯ ಕಟಕಟೆಗೆ ಬಂದರೆ ಎದುರಿನ ವಕೀಲ ಪಾಟೀಸವಾಲು ಶುರು ಮಾಡುತ್ತಾನೆ. ಕತ್ತಲಲ್ಲಿ ದಾರಿ ಹುಡುಕಿದವನು, ಒಂದು ಹಳ್ಳಿ ಮುಗಿಸಿ ಠಾಣೆಗೆ ಬಂದವನು, ಮಾಡಿದ್ದನ್ನು ಬಾಯಿಬಿಟ್ಟು ಹೇಳಿದವನು, ಮತ್ತೆ ಹೊರಟವನು. ಡಾಕ್ಟರೇ, ಇವನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲವೇ? ಈ ಪ್ರಶ್ನೆಗೆ ಯಾವ ವೈದ್ಯನೂ "ಇಲ್ಲ" ಅನ್ನಲಾರ.

ಮಂಡಳಿಗೆ ಎರಡು ಗಂಟೆಯೂ ಹಿಡಿಯಲಿಲ್ಲ. ಆಗಸ್ಟ್ 23ರಂದು ಪೆರೋಲ್ ಇಲ್ಲದ ಜೀವಾವಧಿ ಎಂದು ಓದಿದರು. ದುಭಾಷಿ ಹಳ್ಳಿಗರು ಕೂತಿದ್ದ ಸಾಲಿನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದ. ಇತ್ತ ಬೇಲ್ಸ್‌ನ ತಾಯಿ ತಲೆ ತಗ್ಗಿಸಿ, ಕೂತಲ್ಲೇ ಹಿಂದೆ ಮುಂದೆ ತೂಗುತ್ತಾ ಅಳುತ್ತಿದ್ದರು. ಆ ಕೋಣೆಯ ವರದಿ ಓದಿದಾಗಲೆಲ್ಲ ನನಗೆ ಈ ಎರಡು ಚಿತ್ರ ಒಟ್ಟಿಗೇ ಕಣ್ಣಿಗೆ ಬರುತ್ತವೆ.

ಆಮೇಲೂ ಕೇಸು ಮುಗಿಯಲಿಲ್ಲ. ಸೈನಿಕರಿಗೆ ಕೊಡುತ್ತಿದ್ದ ಮೆಫ್ಲೋಕ್ವಿನ್ ಎಂಬ ಮಲೇರಿಯಾ ಮಾತ್ರೆ ತಲೆ ಕೆಡಿಸಿತು ಎಂದು ಮೇಲ್ಮನವಿಯಲ್ಲಿ ವಾದಿಸಿದರು. ಆ ಮಾತ್ರೆಗೆ ಮನಸ್ಸಿನ ಮೇಲೆ ಅಡ್ಡ ಪರಿಣಾಮ ಇರುವುದು ಸುಳ್ಳಲ್ಲ, ಅದರ ಮೇಲೆ ಎಚ್ಚರಿಕೆಯೇ ಇದೆ. ಸಾಕ್ಷಿ ಹೇಳಿದ ಕೆಲವು ಅಫ್ಘನ್ನರಿಗೆ ಬಾಂಬ್ ಇಡುವವರ ಜೊತೆ ನಂಟಿತ್ತು, ಅದನ್ನು ಸರ್ಕಾರ ಮುಚ್ಚಿಟ್ಟಿತು ಎಂದೂ ಹೇಳಿದರು. 2017ರಲ್ಲಿ ಸೈನ್ಯದ ಮೇಲ್ಮನವಿ ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ನೀವು ಕೇಳದಿದ್ದರೂ ಈ ಕಥೆ ಕೇಳಿದ ಎಲ್ಲರೂ ನನ್ನನ್ನು ಕೇಳುವ ಇನ್ನೊಂದು ಪ್ರಶ್ನೆ ಇದೆ. ಸತ್ತವರು ಅಫ್ಘನ್ನರು, ಸತ್ತಿದ್ದು ಅಫ್ಘಾನಿಸ್ತಾನದಲ್ಲಿ, ಮತ್ತೆ ವಿಚಾರಣೆ ಅಮೆರಿಕದಲ್ಲಿ ಯಾಕೆ? ಅಫ್ಘಾನಿಸ್ತಾನದ ಸಂಸತ್ತೂ ಇದನ್ನೇ ಕೇಳಿತು. ಘಟನೆಯಾದ ಕೆಲವೇ ದಿನಕ್ಕೆ ಅವನನ್ನು ಕುವೈತಿಗೆ, ಅಲ್ಲಿಂದ ಕ್ಯಾನ್ಸಾಸ್‌ನ ಲೆವೆನ್‌ವರ್ತ್ ಜೈಲಿಗೆ ಹಾರಿಸಿಕೊಂಡು ಹೋದಾಗ ಜನ ರೊಚ್ಚಿಗೆದ್ದರು. ಆದರೆ ತಮ್ಮ ಸೈನಿಕರನ್ನು ತಾವೇ ವಿಚಾರಿಸುತ್ತೇವೆ ಎಂದು ಎರಡು ದೇಶಗಳ ನಡುವೆ ಮೊದಲೇ ಒಪ್ಪಂದವಾಗಿತ್ತು. ಬೇರೆ ದೇಶಕ್ಕೆ ಸೈನ್ಯ ಕಳಿಸುವ ದೇಶಗಳು ಸಾಮಾನ್ಯವಾಗಿ ಇದನ್ನು ಮೊದಲೇ ಬರೆಸಿಕೊಂಡಿರುತ್ತವೆ. ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗುವ ನಮ್ಮ ಜವಾನರೂ ಅಪರಾಧ ಮಾಡಿದರೆ ನಮ್ಮ ಕಾನೂನಿಗೇ ಒಳಪಡುತ್ತಾರೆ. ಕಾನೂನಾಗಿ ಅದು ಸರಿ. ನ್ಯಾಯ ಕಣ್ಣೆದುರು ಕಾಣಬೇಕು ಅಂದುಕೊಂಡ ಹಳ್ಳಿಗನಿಗೆ ಅದು ಎಷ್ಟು ದೂರ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. 2012ರ ನವೆಂಬರಿನಲ್ಲಿ ಪ್ರಾಥಮಿಕ ವಿಚಾರಣೆ ನಡೆದಾಗ ಕಂದಹಾರ್‌ನಿಂದ ಸಾಕ್ಷಿಗಳು ವಿಡಿಯೋದಲ್ಲಿ ಮಾತಾಡಿದರು. ಎರಡೂ ಊರಿಗೆ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಹಾಗಾಗಿ ಕೋರ್ಟು ರಾತ್ರಿ ಹೊತ್ತು ಕೂತಿತು. ಅಲ್ಲಿ ಹಗಲು, ಇಲ್ಲಿ ನಡುರಾತ್ರಿ.

ದುಡ್ಡಿನ ಮಾತೂ ಬರುತ್ತದೆ. ಸತ್ತ ಒಬ್ಬೊಬ್ಬರಿಗೆ ಸುಮಾರು 50,000 ಡಾಲರ್ ಅಮೆರಿಕ ಕೊಟ್ಟಿತು. ದುಡ್ಡು ಕೊಟ್ಟು ಕೇಸು ಮುಚ್ಚಿದರು ಅಂತ ಹೇಳುವವರಿದ್ದಾರೆ. ಹಾಗಲ್ಲ. ಅದು ಸಾಂತ್ವನದ ದುಡ್ಡು, ಕೇಸು ಅದರ ಪಾಡಿಗೆ ನಡೆದೇ ನಡೆಯಿತು. ಒಬ್ಬನೇ ಅಲ್ಲ, ತುಂಬ ಸೈನಿಕರು ಬಂದಿದ್ದರು ಎಂದು ಕೆಲವು ಹಳ್ಳಿಗರು ಹೇಳಿದ್ದೂ ಉಂಟು. ಆದರೆ ಕೋರ್ಟಿನ ಮುಂದೆ ಬಂದ ಪುರಾವೆ ಒಬ್ಬನನ್ನೇ ತೋರಿಸಿತು, ಅವನೂ ಅದನ್ನೇ ಒಪ್ಪಿಕೊಂಡ.

ಕಾಯಿಲೆ ಇದ್ದರೆ ಕಾನೂನು ಬಿಡುತ್ತದಾ ಅನ್ನುವುದಕ್ಕೆ ಈಗ ಸರಿಯಾಗಿ ಉತ್ತರ ಹೇಳಬಹುದು. ಡಾಕ್ಟರ ಲೆಕ್ಕದ ಹುಚ್ಚು ಬೇರೆ, ಕಾನೂನಿನ ಲೆಕ್ಕದ ಹುಚ್ಚು ಬೇರೆ. ಡಾಕ್ಟರು ನೋಡುವುದು ನಿದ್ದೆ, ಸಿಟ್ಟು, ಭಯ, ಕನಸು. ಕಾನೂನು ಕೇಳುವುದು ಒಂದೇ ಪ್ರಶ್ನೆ. ಆ ಕ್ಷಣದಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಅನ್ನುವುದು ತಿಳಿಯದಷ್ಟು ಅವನ ಬುದ್ಧಿ ಕೆಟ್ಟಿತ್ತಾ? ನಮ್ಮ ಹಳೇ ದಂಡ ಸಂಹಿತೆಯ 84ನೇ ಕಲಂ ಇದನ್ನೇ ಹೇಳುತ್ತಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮ್ಮೂ ಅದನ್ನೇ ಹೇಳುತ್ತದೆ. ಅಮೆರಿಕದ ಸೈನ್ಯದ ಕಾನೂನೂ ಹೆಚ್ಚುಕಮ್ಮಿ ಹಾಗೇ ಇದೆ. ಸಾಬೀತು ಮಾಡುವ ಹೊರೆ ಎರಡೂ ಕಡೆ ಆರೋಪಿಯ ಮೇಲೆ. ಪಿಟಿಎಸ್‌ಡಿ ಇರುವ ಬಹುಪಾಲು ಜನರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. ಆದ್ದರಿಂದ ಆ ಬಾಗಿಲು ತುಂಬಾ ಕಿರಿದು. ತಾನಾಗೇ ಕುಡಿದದ್ದಂತೂ ನೆಪವೇ ಅಲ್ಲ. ಬೇಲ್ಸ್ ಅವತ್ತು ರಾತ್ರಿ ಕುಡಿದಿದ್ದ, ಅದಕ್ಕೂ ಮೊದಲು ಸ್ಟೀರಾಯ್ಡ್ ಕೂಡ ತಗೊಳ್ಳುತ್ತಿದ್ದ. ಅವು ಅವನ ತಪ್ಪಿನ ಭಾರವನ್ನು ಜಾಸ್ತಿಯೇ ಮಾಡಿದವು.

ಹಾಗಂತ ಕಾಯಿಲೆಗೆ ಕೋರ್ಟಿನಲ್ಲಿ ಜಾಗವೇ ಇಲ್ಲ ಅಂತಲ್ಲ. ತಪ್ಪಿತಸ್ಥ ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗ ಅದು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಶಿಕ್ಷೆ ಎಷ್ಟು ಎಂದು ಅಳೆಯುವಾಗ ಬರುತ್ತದೆ. ಆದರೂ ಭರವಸೆ ಇಟ್ಟುಕೊಳ್ಳುವಷ್ಟೇನೂ ಅಲ್ಲ. ಬೇಲ್ಸ್‌ಗೆ ಮೂರು ತಿಂಗಳ ಹಿಂದೆ, 2013ರ ಮೇ ತಿಂಗಳಿನಲ್ಲಿ, ಅದೇ ನೆಲೆಯಲ್ಲಿ ಜಾನ್ ರಸೆಲ್ ಎಂಬ ಸಾರ್ಜೆಂಟನ ಕೇಸು ತೀರ್ಮಾನವಾಯಿತು. 2009ರಲ್ಲಿ ಬಾಗ್ದಾದ್‌ನ ಕ್ಯಾಂಪ್ ಲಿಬರ್ಟಿಯಲ್ಲಿ ತನ್ನದೇ ದೇಶದ ಪಡೆಗಳ ಐದು ಜನರನ್ನು ಕೊಂದವನು. ಕೊಂದದ್ದು ಎಲ್ಲಿ ಗೊತ್ತಾ? ಮಾನಸಿಕ ಒತ್ತಡಕ್ಕೆ ಚಿಕಿತ್ಸೆ ಕೊಡುವ ಕ್ಲಿನಿಕ್ಕಿನಲ್ಲಿ. ಅವನ ಕಾಯಿಲೆಯ ಬಗ್ಗೆ ಕಾಗದ ಪತ್ರ ಬೇಕಾದಷ್ಟಿತ್ತು. ಅವನಿಗೂ ಸಿಕ್ಕಿದ್ದು ಪೆರೋಲ್ ಇಲ್ಲದ ಜೀವಾವಧಿಯೇ.

ನಮ್ಮಲ್ಲಿ ಹೇಗೆ? ಸೈನ್ಯ ಕಾಯ್ದೆ 1950ರದು. ಸತ್ತವರು ಯಾರು, ಘಟನೆ ಎಲ್ಲಿ ಎಂಬುದರ ಮೇಲೆ ದಾರಿ ಕವಲಾಗುತ್ತದೆ. ರಜೆಯಲ್ಲಿ ಊರಿಗೆ ಬಂದ ಜವಾನ ಸಾಮಾನ್ಯ ನಾಗರಿಕನನ್ನು ಕೊಂದರೆ ಮಾಮೂಲಿ ಪೊಲೀಸು, ಮಾಮೂಲಿ ಸೆಷನ್ಸ್ ಕೋರ್ಟು. ಕಾಯ್ದೆಯ 70ನೇ ಕಲಂ ಪ್ರಕಾರ ನಾಗರಿಕನ ಕೊಲೆಯನ್ನು ಕೋರ್ಟ್ ಮಾರ್ಷಲ್ ವಿಚಾರಿಸಬೇಕಾದರೆ, ಕೊಂದವನು ಆಗ ಸಕ್ರಿಯ ಸೇವೆಯಲ್ಲಿ, ಅಂದರೆ ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥ ಕೆಲಸದಲ್ಲಿರಬೇಕು, ಇಲ್ಲವೇ ಘಟನೆ ದೇಶದ ಹೊರಗೆ ಅಥವಾ ಸರ್ಕಾರ ಗುರುತಿಸಿದ ಗಡಿ ಠಾಣೆಯಲ್ಲಿ ಆಗಿರಬೇಕು. ಸತ್ತವನೂ ಸೈನಿಕನೇ ಆಗಿದ್ದರೆ ಎರಡೂ ಕೋರ್ಟಿಗೆ ಅಧಿಕಾರ ಇದೆ. ಆಗ ಯಾವುದು ಎಂದು ಮೊದಲು ಆರಿಸುವವರು ಸೈನ್ಯದ ಕಮಾಂಡರ್. ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ ಕೇಂದ್ರ ಸರ್ಕಾರ ತೀರ್ಮಾನಿಸುತ್ತದೆ.

ಪಂಜಾಬಿನ ಭಟಿಂಡಾ ಸೇನಾ ನೆಲೆಯ ಘಟನೆ ನಿಮಗೆ ನೆನಪಿರಬಹುದು. 2023ರ ಏಪ್ರಿಲ್ 12ರ ಬೆಳಗಿನ ಜಾವ ನಾಲ್ವರು ಗನ್ನರ್‌ಗಳು, ಅಂದರೆ ಫಿರಂಗಿ ದಳದ ಜವಾನರು, ಮಲಗಿದ್ದಲ್ಲೇ ಸತ್ತರು. ಅವರಲ್ಲಿ ಇಬ್ಬರು ನಮ್ಮ ಕರ್ನಾಟಕದ ಹುಡುಗರು. ಮುಸುಕು ಹಾಕಿದ ಇಬ್ಬರು ಬಂದಿದ್ದರು ಎಂದು ಮೊದಲು ಹೇಳಿಕೆ ಬಂತು. ವಾರದೊಳಗೆ ಪೊಲೀಸರು ಹಿಡಿದದ್ದು ಅದೇ ಘಟಕದ ಗನ್ನರ್‌ನನ್ನು, ಆ ಹೇಳಿಕೆ ಕೊಟ್ಟವನನ್ನೇ. ವೈಯಕ್ತಿಕ ದ್ವೇಷ ಕಾರಣ ಎಂದರು. ಸೈನ್ಯದೊಳಗಿನ ಘಟನೆಯಾದರೂ ಎಫ್‌ಐಆರ್ ಆದದ್ದು ಸ್ಥಳೀಯ ಪೊಲೀಸ್ ಠಾಣೆಯಲ್ಲಿ. ಸೈನ್ಯದೊಳಗೆ ಆದದ್ದು ಒಳಗೊಳಗೇ ಮುಚ್ಚಿಹೋಗುತ್ತದೆ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಕೋರ್ಟ್ ಮಾರ್ಷಲ್ ಅಂದರೆ ಬೆಳಿಗ್ಗೆ ಹಿಡಿದು ಸಂಜೆ ಗುಂಡಿಕ್ಕುವುದು ಎಂದು ಸಿನಿಮಾ ನೋಡಿದವರು ಅಂದುಕೊಂಡಿರುತ್ತಾರೆ. ಕೊಲೆಯಂಥ ಕೇಸಿಗೆ ಕೂರುವುದು ಜನರಲ್ ಕೋರ್ಟ್ ಮಾರ್ಷಲ್, ಕಡಿಮೆ ಅಂದರೆ ಐದು ಜನ ಆಫೀಸರುಗಳು. ಮರಣದಂಡನೆ ಕೊಡಬೇಕಾದರೆ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ಮೇಲಧಿಕಾರಿ ದೃಢೀಕರಿಸುವ ತನಕ ತೀರ್ಪಿಗೆ ಜೀವವೇ ಇಲ್ಲ. ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಆಮೇಲೆ ಸುಪ್ರೀಂ ಕೋರ್ಟ್.

ಸಾಕು ಕಾನೂನು. ನಿಮ್ಮ ಮಗನ ವಿಷಯಕ್ಕೆ ಬರೋಣ.

ಬೇಲ್ಸ್ ಕಥೆಯಲ್ಲಿ ನಾಲ್ಕನೇ ಸಲದ ಯುದ್ಧಭೂಮಿ ಇತ್ತು, ಕುಡಿತ ಇತ್ತು, ತಪ್ಪಿಹೋದ ಬಡ್ತಿ ಇತ್ತು, ಮನೆ ಸಾಲದ ತಾಪತ್ರಯ ಇತ್ತು. ಕೆಲವೇ ದಿನ ಮೊದಲು ಜೊತೆಯ ಸೈನಿಕನೊಬ್ಬ ಬಾಂಬಿಗೆ ಕಾಲು ಕಳೆದುಕೊಂಡಿದ್ದ. ಇದೆಲ್ಲ ಇದ್ದೂ ಯಾರಿಗೂ ಏನೂ ಮಾಡದೆ ಮನೆಗೆ ಬಂದ ಸೈನಿಕರು ಸಾವಿರಾರು. ಮಂಚ ಬಾಗಿಲಿಗೆ ಎದುರು ಹಾಕಿಕೊಳ್ಳುವುದು, ಜಾತ್ರೆಯ ಗದ್ದಲ ತಡೆಯಲಾಗದೆ ಎದ್ದು ಬರುವುದು, ಇವು ಕಾಶ್ಮೀರದಲ್ಲಿ ಬದುಕಿ ಉಳಿಯಲು ಕಲಿತ ಅಭ್ಯಾಸಗಳು. ಊರಿಗೆ ಬಂದರೂ ಬಿಡುತ್ತಿಲ್ಲ, ಅಷ್ಟೇ. ಅಷ್ಟಕ್ಕೇ ನಾನು ಗಾಬರಿಯಾಗುತ್ತಿರಲಿಲ್ಲ. "ಎಲ್ಲಾರ್ನೂ ಮುಗಿಸಿ ನಾನೂ ಹೋಗಿಬಿಡ್ತೀನಿ" ಅಂದದ್ದು ಬೇರೆ ತೂಕದ ಮಾತು. ಅದರಲ್ಲಿ ಕೊಲ್ಲುವುದೂ ಇದೆ, ಸಾಯುವುದೂ ಇದೆ. ಸಿಟ್ಟಿನ ಬಾಯಿ ಅಂತ ಬಿಟ್ಟುಬಿಡಬೇಡಿ. ಬೆಲಂಬೈಯ ಆ ಜೊತೆಗಾರ ಮಾಡಿದ್ದು ಅದನ್ನೇ.

ಇವತ್ತು ರಾತ್ರಿ ಊಟ ಆದ ಮೇಲೆ ನೀವೊಬ್ಬರೇ ಅವನ ಹತ್ತಿರ ಕೂತು ನೇರವಾಗಿ ಕೇಳಿ: "ಅಪ್ಪಾ, ಅವತ್ತು ಹಾಗಂದೆಯಲ್ಲ, ಸಾಯಬೇಕು ಅನ್ನಿಸುತ್ತದಾ? ಯಾರನ್ನಾದರೂ ಏನಾದರೂ ಮಾಡಬೇಕು ಅನ್ನಿಸುತ್ತದಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ಕಲ್ಪನೆ. ಮನೋವೈದ್ಯರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ಕೇಳಿದಾಗ ಹೆಚ್ಚಿನವರಿಗೆ ಎದೆಯ ಭಾರ ಇಳಿಯುತ್ತದೆ. ಮನೆಯಲ್ಲಿ ಲೈಸೆನ್ಸ್ ಬಂದೂಕು ಇದ್ದರೆ, ಹೊಲದ ಔಷಧಿ ಡಬ್ಬ ಇದ್ದರೆ, ಅವನ ಕೈಗೆ ಸಿಗದ ಹಾಗೆ ಬೇರೆ ಮನೆಗೆ ಸಾಗಿಸಿ. ಹೇಗೆ, ಯಾವಾಗ ಎಂದು ಅವನು ಯೋಚಿಸಿ ಇಟ್ಟಿದ್ದಾನೆ ಅಂತ ಗೊತ್ತಾದರೆ ಒಂಟಿಯಾಗಿ ಬಿಡಬೇಡಿ. ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಮಾಡಿ ಮಾತಾಡಿದರೂ ತಪ್ಪಿಲ್ಲ.

ಅದಾದ ಮೇಲಿನ ದಾರಿಗಳಲ್ಲಿ ಯಾವುದೂ ಪೂರ್ತಿ ನಿರಪಾಯ ಅಲ್ಲ. ಸುಮ್ನೆ ರಜೆ ಮುಗಿಸಿ ಕಳಿಸಿಬಿಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಿ ಹೋದ ಮಾರನೇ ದಿನವೇ ಕೋತ್‌ನಿಂದ, ಅಂದರೆ ಆಯುಧ ಇಡುವ ಕೋಣೆಯಿಂದ, ಅವನ ಕೈಗೆ ರೈಫಲ್ ಬರುತ್ತದೆ, ಎದುರಿಗೆ ಅದೇ ಹವಾಲ್ದಾರ ಇರುತ್ತಾನೆ. ಕಳಿಸದೆ ಇಟ್ಟುಕೊಂಡರೆ? ರಜೆ ಮೀರಿದರೆ ಅದೇ ಒಂದು ಅಪರಾಧ. ಮೂವತ್ತು ದಿನ ದಾಟಿದರೆ ವಿಚಾರಣಾ ಮಂಡಳಿ ಕೂತು ದಾಖಲೆ ಮಾಡುತ್ತದೆ. ಇಂಥ ಒಂದು ಕೇಸು ನಾನೇ ನಡೆಸಿದ್ದೇನೆ. ಹುಡುಗನಿಗೆ ನಿಜಕ್ಕೂ ಕಾಯಿಲೆ ಇತ್ತು. ಮನೆಯವರು ಮರ್ಯಾದೆಗೆ ಅಂಜಿ ಖಾಸಗಿ ಡಾಕ್ಟರ ಹತ್ತಿರ ಗುಟ್ಟಾಗಿ ತೋರಿಸಿದರು. ಅವನು ಯೂನಿಟ್ಟಿಗೆ ಹೋಗುವಾಗ ಮಾತ್ರೆಗಳನ್ನು ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ ಹುದುಗಿಸಿ ಒಯ್ಯುತ್ತಿದ್ದ. ಒಂದು ತಿಂಗಳು ಮಾತ್ರೆ ಮುಗಿದುಹೋಯಿತು. ಬೇರೆ ಕಡೆ ಕೇಳುವ ಹಾಗಿಲ್ಲ. ಓಡಿ ಬಂದುಬಿಟ್ಟ. ಕೋರ್ಟ್ ಮಾರ್ಷಲ್‌ನಲ್ಲಿ ನಮ್ಮ ಕೈಯಲ್ಲಿ ಸೈನ್ಯದ ಆಸ್ಪತ್ರೆಯ ಒಂದು ಚೀಟಿಯೂ ಇರಲಿಲ್ಲ. ಕಾಯಿಲೆ ಇತ್ತು ಎಂದು ನಾನು ಬಾಯಲ್ಲಿ ಹೇಳಬೇಕಾಯಿತು, ಅಷ್ಟೇ.

ಆದ್ದರಿಂದ ನನ್ನ ಸಲಹೆ ಇದು. ರಜೆ ಮುಗಿಯುವುದರೊಳಗೆ ಅವನನ್ನು ಒಪ್ಪಿಸಿ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿಮಗೆ ಬೆಳಗಾವಿ. ಮೊದಲು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯಲ್ಲಿ ತೋರಿಸಬೇಕು ಅನ್ನಿಸಿದರೆ ತೋರಿಸಿ, ಆದರೆ ಅಲ್ಲಿನ ಚೀಟಿಯನ್ನು ಬಚ್ಚಿಡಬೇಡಿ, ಬೆಳಗಾವಿಗೆ ತಗೊಂಡು ಹೋಗಿ. ಅಡ್ಮಿಟ್ ಮಾಡಿಕೊಂಡರೆ ಯೂನಿಟ್ಟಿಗೆ ಅವರೇ ತಿಳಿಸುತ್ತಾರೆ, ರಜೆ ಮೀರಿದ ಅಪರಾಧವೂ ಬರುವುದಿಲ್ಲ.

ನೌಕರಿ ಹೋಗುತ್ತದಾ? ಕಾಯಿಲೆ ಬಂತು ಎಂದ ತಕ್ಷಣ ಹೋಗುವುದಿಲ್ಲ. ಸೈನ್ಯದಲ್ಲಿ ದೇಹಸ್ಥಿತಿ ಅಳೆಯಲು ಶೇಪ್ ಎಂಬ ಲೆಕ್ಕ ಇದೆ. ಅದರ ಮೊದಲ ಅಕ್ಷರ ಮನಸ್ಸಿನದು. ಕಾಯಿಲೆ ಇದ್ದರೆ ಆ ಅಂಕ ಇಳಿಯುತ್ತದೆ, ಕೆಲವು ಕಾಲ ಕೈಗೆ ಆಯುಧ ಕೊಡುವುದಿಲ್ಲ, ಎತ್ತರದ ಜಾಗಕ್ಕೆ ಹಾಕುವುದಿಲ್ಲ, ಆಗಾಗ ಮತ್ತೆ ಪರೀಕ್ಷೆ ಮಾಡುತ್ತಾರೆ. ಗುಣವಾದರೆ ಮತ್ತೆ ಮೇಲೆ ಬರಬಹುದು. ಬಡ್ತಿಗೆ ಪೆಟ್ಟು ಬೀಳಬಹುದು, ಇದನ್ನು ನಾನು ಮುಚ್ಚಿಡುವುದಿಲ್ಲ. ಹವಾಲ್ದಾರ್ ಪಟ್ಟಿ ತಡವಾಗಬಹುದು, ತಪ್ಪಿಯೂ ಹೋಗಬಹುದು. ಜೊತೆಗಾರರ ಚುಚ್ಚು ಮಾತೂ ಇರುತ್ತದೆ. ತೀರಾ ಗುಣವಾಗದಿದ್ದರೆ ವೈದ್ಯಕೀಯ ಮಂಡಳಿ ಸೇವೆಯಿಂದ ಬಿಡಿಸಬಹುದು. ಹಾಗಾದಾಗ ಕಾಯಿಲೆ ಸೇವೆಯಿಂದ ಬಂತು ಅಥವಾ ಹೆಚ್ಚಾಯಿತು ಎಂದು ತೀರ್ಮಾನವಾದರೆ ಅಂಗವಿಕಲತೆಯ ಪಿಂಚಣಿ ಸಿಗುತ್ತದೆ. ಸೇರುವಾಗ ಕಾಯಿಲೆ ಇತ್ತೆಂದು ದಾಖಲಾಗಿರದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು ಅಂತ 2013ರ ಧರಂವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ಹೊಸ ನಿಯಮಗಳು ಬಂದು ಬಿಗಿಯಾಗಿದೆ. ಅದಕ್ಕೇ ಕಾಶ್ಮೀರದಲ್ಲಿ ಏನೇನಾಯಿತು, ನಿದ್ದೆ ಯಾವಾಗಿನಿಂದ ಕೆಟ್ಟಿತು ಅನ್ನುವುದು ಮೊದಲ ದಿನದ ಚೀಟಿಯಲ್ಲೇ ಬರಬೇಕು. ಡಾಕ್ಟರಿಗೆ ಅವನು ಬಿಡಿಸಿ ಹೇಳಲಿ.

ಅವನು ಆಸ್ಪತ್ರೆಗೆ ಬರಲು ಸುತರಾಂ ಒಪ್ಪದಿದ್ದರೆ, ಅವನು ಹೊರಡುವ ಮುಂಚೆಯೇ ಯೂನಿಟ್ಟಿಗೆ ನೀವು ತಿಳಿಸಬೇಕು. ಕಂಪನಿಯ ಸುಬೇದಾರ್ ಸಾಹೇಬರ ನಂಬರ್ ಸಾಮಾನ್ಯವಾಗಿ ಮನೆಯವರ ಹತ್ತಿರ ಇರುತ್ತದೆ. ಮೊದಲು ಅವರಿಗೆ ಫೋನ್ ಮಾಡಿ, ಆಮೇಲೆ ಕಮಾಂಡಿಂಗ್ ಆಫೀಸರಿಗೆ ಪತ್ರ ಬರೆಯಿರಿ. ಬೆನ್ನ ಹಿಂದೆ ಚಾಡಿ ಹೇಳಿದ ಹಾಗಾಗುತ್ತದೆ ಅನ್ನಿಸಿದರೆ ಮಗನಿಗೆ ಹೇಳಿಯೇ ಬರೆಯಿರಿ. ಸಿಟ್ಟಾಗುತ್ತಾನೆ. ಕೆಲವು ತಿಂಗಳು ಮಾತು ಬಿಡಲೂಬಹುದು. ಅಮ್ಮನ ಮುಂದೆ ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೆ ಯಾರೂ ಕೋರ್ಟ್ ಮಾರ್ಷಲ್ ಮಾಡುವುದಿಲ್ಲ, ಆ ಹೆದರಿಕೆ ಬೇಡ.

ಪತ್ರ ಒಂದು ಪುಟ ಸಾಕು, ಹಿಂದಿ ಅಥವಾ ಇಂಗ್ಲಿಷಿನಲ್ಲಿರಲಿ. ನಿಮ್ಮ ತಂಗಿಯ ಮಗ ಬರೆದುಕೊಡಲಿ, ಕಥೆ ಹೇಳಿ ಹೆದರಿಸಿದ್ದಕ್ಕೆ ಅಷ್ಟಾದರೂ ಮಾಡಲಿ. ಮಗನ ಆರ್ಮಿ ನಂಬರ್, ರ‍್ಯಾಂಕು, ಹೆಸರು ಮೇಲೆ ಇರಲಿ. ಎಷ್ಟು ದಿನದಿಂದ ನಿದ್ದೆ ಇಲ್ಲ, ಏನೇನು ಕಂಡಿರಿ, ಏನು ಹೇಳಿದ ಅನ್ನುವುದನ್ನು ತಾರೀಖು ಹಾಕಿ ಬರೆಯಿರಿ. ಹುಚ್ಚು, ಪಿಟಿಎಸ್‌ಡಿ ಅಂತೆಲ್ಲ ಹೆಸರಿಡಬೇಡಿ, ಅದು ಡಾಕ್ಟರ ಕೆಲಸ. ಹವಾಲ್ದಾರನ ಮೇಲೆ ದೂರು ಇದ್ದರೆ ಅದನ್ನು ಇದರಲ್ಲಿ ಬೆರೆಸಬೇಡಿ, ಬೇರೆ ಕಾಗದದಲ್ಲಿ ಬರೆಯಿರಿ. ಕೊನೆಗೆ ಎರಡೇ ಕೋರಿಕೆ ಇರಲಿ: ಮನೋವೈದ್ಯರಿಂದ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಆಯುಧದ ಡ್ಯೂಟಿ ಹಾಕಬೇಡಿ. ಸಹಿ ಮಾಡಿ, ಜೆರಾಕ್ಸ್ ತೆಗೆದಿಟ್ಟುಕೊಂಡು, ಅಂಚೆ ಕಚೇರಿಯಲ್ಲಿ ರಸೀದಿ ಕೇಳಿ ಪಡೆಯಿರಿ. ಆ ರಸೀದಿಯನ್ನು ಅವನ ಹಳೇ ಪತ್ರಗಳ ಜೊತೆ ಇಡಿ.